ನದಿಗೆ ಬೆನ್ನು ಹಾಕಿ ಕೂತವರು

"ನದಿ ಹೇಗಿದೆ ಅತ್ತೆ?" ಎಂದು ಸೊಸೆ ಫೋನಿನಲ್ಲಿ ಕೇಳಿದಳು.

"ನದಿಗೇನು, ಅದರ ಪಾಡಿಗೆ ಅದು ಹರೀತಿದೆ," ಎಂದರು ಅತ್ತೆ. "ನೀನು ಇಲ್ಲಿ ಕೇಳು. ಊಟದ ಹಾಲ್‌ನಲ್ಲಿ ನಮ್ಮ ಎದುರಿನ ಮೇಜಿಗೆ ಒಂದು ಜೋಡಿ ಬರುತ್ತೆ. ಗಂಡನಿಗೆ ಇಷ್ಟು ದೊಡ್ಡ ಮೀಸೆ. ಹೆಂಡ್ತಿ ಯಾವಾಗ್ಲೂ ಒಂದು ಬೂದು ಶಾಲು ಹೊದ್ಕೊಂಡಿರ್ತಾಳೆ. ಎದುರಿಗೆ ಅಷ್ಟುದ್ದ ಗಾಜಿನ ಗೋಡೆ, ಹೊರಗೆ ನದಿ. ಅವರಿಬ್ರೂ ನದಿಗೆ ಬೆನ್ನು ಹಾಕಿ ಕೂರ್ತಾರೆ ಕಣೆ! ಮೂರು ಹೊತ್ತೂ!"

ಸೊಸೆ ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಎದುರಿನ ಕುರ್ಚಿಯಲ್ಲಿ ಒಬ್ಬರು ಹೊಸ ಕನ್ನಡಕದ ಒಂದು ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಇನ್ನೊಂದು ಯಾವಾಗ ಸರಿಹೋದೀತು ಎಂದು ಕಾಯುತ್ತ ಕೂತಿದ್ದರು. ಸೊಸೆ ಫೋನನ್ನು ಹೆಗಲಿಗೆ ಅವುಚಿಕೊಂಡು ಸ್ಕ್ರೂ ತಿರುಗಿಸುತ್ತಲೇ, "ಕೂತರೆ ಕೂತ್ಕೊಳ್ಳಲಿ ಬಿಡಿ ಅತ್ತೆ. ಗಾಳಿ ಆಗದೇ ಇರಬಹುದು," ಎಂದಳು.

"ಗಾಜಿನ ಗೋಡೇಲಿ ಗಾಳಿ ಎಲ್ಲಿಂದ ಬರುತ್ತೆ? ನಿಂಗೆ ಏನೂ ತಿಳಿಯಲ್ಲ," ಎಂದು ಅತ್ತೆ ಫೋನ್ ಇಟ್ಟರು. ಮನೆ ಹೇಗಿದೆ, ಮೊಮ್ಮಗಳು ಹೇಗಿದ್ದಾಳೆ ಎಂದು ಒಂದು ಮಾತು ಕೇಳಿರಲಿಲ್ಲ.

ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಮಗನೇ ಅಪ್ಪ ಅಮ್ಮನನ್ನು ಒಂಬತ್ತು ದಿನದ ನದಿ ಪ್ರವಾಸಕ್ಕೆ ಕಳಿಸಿದ್ದ. ಮೂರಂತಸ್ತಿನ ಹಡಗು. ಹಗಲೆಲ್ಲ ನೀರಿನ ಮೇಲೆ ಸಾಗಿ ಸಂಜೆ ಯಾವುದಾದರೊಂದು ಊರಿನ ಕಟ್ಟೆಗೆ ತಾಗಿ ನಿಲ್ಲುತ್ತಿತ್ತು. ದಡದಲ್ಲಿ ಹಳೆಯ ಕೋಟೆಗಳಿದ್ದವಂತೆ, ಸಾವಿರಗಟ್ಟಲೆ ಕೊಕ್ಕರೆಗಳಿದ್ದವಂತೆ. ಇದು ಸೊಸೆಗೆ ತಿಳಿದದ್ದು ಟಿಕೆಟ್ಟಿನ ಜೊತೆ ಬಂದ ಬಣ್ಣದ ಕಾಗದದಿಂದ, ಹೋಗಿಬಂದವರ ಬಾಯಿಂದ ಅಲ್ಲ.

ತಪ್ಪು ಅವರದೂ ಅಲ್ಲವೇನೋ. ಮಾವ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಬೋಗಿಗೆ ಕಾಲಿಟ್ಟ ಕೂಡಲೇ ಟಿಕೆಟ್ ಇಲ್ಲದವನು ಯಾರೆಂದು ಮುಖ ನೋಡಿಯೇ ಹೇಳಿಬಿಡುತ್ತಿದ್ದೆ ಎಂಬುದು ಅವರ ಹೆಮ್ಮೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕರೆ ಜೋಡಿಸಿದ ಮೇಲೆ ಹೆಡ್‌ಫೋನನ್ನು ಕಿವಿಯಿಂದ ತೆಗೆದುಬಿಡಬೇಕು ಎಂಬ ನಿಯಮವಿತ್ತೇ ಎಂದು ಯಾರಾದರೂ ಕೇಳಿದರೆ, "ನಿಯಮ ಇತ್ತು," ಎಂದಷ್ಟೇ ಹೇಳುತ್ತಿದ್ದರು. ರೈಲಿನ ಸದ್ದಿನಲ್ಲಿ ಮಾವನ ಬಲಗಿವಿ ಮಂದವಾಗಿತ್ತು. ಹಾಗಾಗಿ ಗಂಡ ಹೆಂಡತಿ ಗುಟ್ಟು ಮಾತಾಡಿದರೂ ಮೂರನೆಯ ಮನೆಗೆ ಕೇಳಿಸುತ್ತಿತ್ತು.

ಅವರು ಹಡಗಿನಿಂದ ಇಳಿದು ಮನೆಗೆ ಬಂದ ದಿನವೇ ಅಂಗಡಿಯ ಯಜಮಾನರು ಸೊಸೆಯನ್ನು ಒಳಗೆ ಕರೆದರು. ಊರಿನ ಆ ತುದಿಯಲ್ಲಿ ಹೊಸ ಶಾಖೆ ತೆರೆಯುತ್ತಿದ್ದೇನೆ, ಅದನ್ನು ನೀನೇ ನಡೆಸಬೇಕು, ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳು ಎಂದರು. ಹನ್ನೊಂದು ವರ್ಷ ಬೇರೆಯವರ ಕೈಕೆಳಗೆ ಫ್ರೇಮ್ ತಿದ್ದಿದ ಸೊಸೆಗೆ ನಿಂತ ನೆಲ ಒಂದು ಗೇಣು ಮೇಲೆದ್ದಂತಾಯಿತು. ಆದರೆ ಹೋಗಲು ಎರಡು ಬಸ್ಸು ಬದಲಿಸಬೇಕು, ಮನೆ ಸೇರುವಾಗ ಎಂಟು ಗಂಟೆ. ಹತ್ತು ವರ್ಷದ ಮಗಳು ಗುಬ್ಬಿಯನ್ನು ಈಗ ಮೂರೂವರೆಗೆ ಶಾಲೆಯಿಂದ ಕರೆತಂದು ಅಂಗಡಿಯ ಹಿಂದಿನ ಕೋಣೆಯಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಇನ್ನು ಅದನ್ನೂ ಸಂಜೆಯ ಅಡುಗೆಯನ್ನೂ ಅತ್ತೆ ಮಾವ ವಹಿಸಿಕೊಳ್ಳದೆ ಆಗದು.

"ನೀವೇ ಹೇಳ್ರೀ ಅಮ್ಮನಿಗೆ," ಎಂದಳು ಗಂಡನಿಗೆ.

ಗಂಡ ಲಿಫ್ಟ್ ರಿಪೇರಿಯವನು. ಸಿಕ್ಕಿಹಾಕಿಕೊಂಡವರನ್ನು ಹೊರಗೆ ತೆಗೆಯುವುದು ಅವನ ಕಸುಬು, ತಾನು ಮಾತ್ರ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. "ನಾನು ಹೇಳಿದ್ರೆ ಹೆಂಡ್ತಿ ಹೇಳಿಸಿದ್ದು ಅಂತಾರೆ. ನೀನೇ ಹೇಳು. ಅವರೇನು ಬೇಡ ಅಂತಾರಾ?"

ಅಂದು ಸಂಜೆ ಊಟಕ್ಕೆ ಕೂತಾಗ ಸೊಸೆ, "ಅತ್ತೆ, ಇವತ್ತು ನಮ್ಮ ಅಂಗಡಿ ಯಜಮಾನರು..." ಎಂದು ಶುರುಮಾಡಿದಳು.

"ಆ ಮೀಸೆಯವನು ಯಾರದೋ ದುಡ್ಡು ನುಂಗಿ ಓಡಿಬಂದಿದ್ದಾನೆ," ಎಂದರು ಅತ್ತೆ, ಬೀನ್ಸ್ ಪಲ್ಯ ಬಡಿಸಿಕೊಳ್ಳುತ್ತ. "ಇಲ್ದಿದ್ರೆ ಕಿಟಕಿಗೆ ಯಾಕೆ ಬೆನ್ನು? ದಡದಲ್ಲಿ ಇರೋರಿಗೆ ಮುಖ ಕಾಣಬಾರದು ಅಂತ."

"ಅದಲ್ಲವೇ ಅಲ್ಲ," ಎಂದರು ಮಾವ. "ಅವರ ಮಗುವೋ ಯಾರೋ ನೀರಿಗೆ ಹೋಗಿದ್ದಾರೆ. ನೀರು ನೋಡೋಕಾಗಲ್ಲ ಪಾಪ. ಆ ಹೆಂಗಸಿನ ಮುಖ ನೋಡಿದ್ರೆ ಗೊತ್ತಾಗಲ್ವಾ?"

"ನೀರು ನೋಡೋಕಾಗದೋರು ಹಡಗಿಗೆ ಯಾಕೆ ಬರ್ತಾರೆ? ರೈಲಿಗೆ ಹೋಗಲಿ!"

"ಏನಂದೆ?"

"ರೈಲಿಗೆ ಹೋಗಲಿ ಅಂದೆ!"

ಗುಬ್ಬಿ ಊಟ ಬಿಟ್ಟು ಅಜ್ಜ ಅಜ್ಜಿಯರ ಮುಖವನ್ನು ಆ ಕಡೆ ಈ ಕಡೆ ನೋಡುತ್ತಿದ್ದಳು. "ಅಜ್ಜಿ, ಅವರು ಬೇಹುಗಾರರು ಇರಬಹುದಾ?" ಎಂದಳು. ಇಬ್ಬರಿಗೂ ಅದು ಹೊಳೆದಿರಲಿಲ್ಲ. ಮತ್ತರ್ಧ ಗಂಟೆ ಅದರ ಮೇಲೆ ಹೋಯಿತು. ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಮತ್ತೊಮ್ಮೆ ಹೇಳಲು ನೋಡಿದಳು. ಅತ್ತೆ ಬಟ್ಟೆ ಮಡಿಸುತ್ತಿದ್ದರು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು. "ಅತ್ತೆ, ನಂಗೆ ಒಂದು ವಿಷಯ..." ಎನ್ನುವಷ್ಟರಲ್ಲಿ ಪತ್ರಿಕೆ ಹಿಡಿದುಕೊಂಡು ಮಾವ ಬಂದರು. ಯಾರೋ ಸೊಸೈಟಿಯ ಹಣ ಹೊಡೆದು ಪರಾರಿಯಾಗಿದ್ದ, ಫೋಟೋ ಹಾಕಿದ್ದರು. "ಇವನಿಗೆ ಮೀಸೆ ಇಲ್ಲ. ಈಗೇನಂತೀಯ?" ಎಂದರು.

"ಮೀಸೆ ಬೆಳೆಸ್ಕೊಂಡಿರ್ತಾನೆ!"

"ಒಪ್ಪಿಕೋ ಸೋತೆ ಅಂತ."

"ಸೋಲೋದಾ? ನಲವತ್ತು ವರ್ಷದಿಂದ ನಿಮ್ಮ ಜೊತೆ ಸೋತು ಸೋತೇ ಸಾಕಾಗಿದೆ!"

ಅಲ್ಲಿಂದ ಮಾತು ಮೀಸೆಯನ್ನು ಬಿಟ್ಟು, ಮಾವನ ಅಕ್ಕನ ಮೇಲೆ ಹತ್ತಿ, ಯಾವುದೋ ಮದುವೆಗೆ ತಡವಾಗಿ ಹೋದದ್ದರ ಮೇಲೆ ಇಳಿದು, ಕೊನೆಗೆ ಇಬ್ಬರೂ ಮಾತು ಬಿಟ್ಟರು.

ಮಾತು ಬಿಟ್ಟ ಮೇಲಿನ ಕಾಟ ಮಾತಾಡುತ್ತಿದ್ದ ಕಾಟಕ್ಕಿಂತ ಹೆಚ್ಚಾಯಿತು. ಒಂದೇ ಕೋಣೆಯಲ್ಲಿ ಕೂತು, "ನಿನ್ನ ಮಾವನಿಗೆ ಹೇಳು, ಮಾತ್ರೆ ನುಂಗೋಕೆ," ಎಂದು ಅತ್ತೆ ಅನ್ನುವರು. "ನಿನ್ನ ಅತ್ತೆಗೆ ಹೇಳು, ಆಗಲೇ ನುಂಗಿದೀನಿ ಅಂತ," ಎಂದು ಮಾವ ಅನ್ನುವರು. ಸೊಸೆ ನಡುವೆ ನಿಂತು ಆಪರೇಟರ್ ಕೆಲಸ ಮಾಡಿದಳು. ಅಂಗಡಿಗೆ ಹೋದರೆ ಯಜಮಾನರು "ಏನಾಯ್ತಮ್ಮ?" ಎನ್ನುವರು. "ಇನ್ನೆರಡು ದಿನ ಸಾರ್," ಎಂದು ತಪ್ಪಿಸಿಕೊಳ್ಳುವಳು. ಹಠವೂ ಬಂದಿತ್ತು ಅವಳಿಗೆ. ನಾನೇ ಯಾಕೆ ಕಾಲು ಹಿಡಿದು ಹೇಳಬೇಕು? ಒಬ್ಬರಾದರೂ ಏನಾಗಿದೆ ನಿನಗೆ ಎಂದು ಕೇಳಬಾರದೇ?

ಒಂದು ಬೆಳಿಗ್ಗೆ ಅತ್ತೆ ಬಹಳ ಗೆಲುವಾಗಿದ್ದರು.

"ಪತ್ತೆ ಹಚ್ಚಿದೆ," ಎಂದರು. "ಹಡಗಿನ ಕಚೇರಿಗೆ ಫೋನ್ ಮಾಡಿ, ಇಪ್ಪತ್ತಾರನೇ ಕೋಣೆಯವರ ಶಾಲು ನಮ್ಮ ಸಾಮಾನಿನ ಜೊತೆ ಬಂದುಬಿಟ್ಟಿದೆ, ಪಾಪ ಚಳಿಗಾಲ, ವಾಪಸ್ ಕೊಡಬೇಕು ಅಂದೆ. ನಮ್ಮ ನಂಬರ್ ಅವರಿಗೆ ಕೊಟ್ರು. ಅವಳೇ ಫೋನ್ ಮಾಡಿದ್ಲು. ಮೂರೇ ಗಂಟೆ ದಾರಿಯಂತೆ. ಭಾನುವಾರ ಊಟಕ್ಕೆ ಬರ್ತಾರೆ, ಶಾಲು ತಗೊಂಡು ಹೋಗೋಕೆ."

ಸೊಸೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ನಿಜವಾಗಿ ಶಾಲು ಬಂದಿದೆಯಾ ಅತ್ತೆ?"

"ಎಲ್ಲಿಂದ ಬರುತ್ತೆ?"

"ಮತ್ತೆ ಅವರು ಬಂದ್ರೆ ಏನು ಕೊಡ್ತೀರಿ?"

ಅತ್ತೆ ಅಷ್ಟು ದೂರ ಯೋಚಿಸಿರಲಿಲ್ಲ. ಅವರ ಮುಖ ಒಂದು ಗಳಿಗೆ ಸಪ್ಪಗಾಯಿತು. "ಅವಳು ಹೌದು ನನ್ನ ಶಾಲು ಕಳೆದಿದೆ ಅಂದ್ಲಲ್ಲ!" ಎಂದರು. ಆಮೇಲೆ ಸಾವರಿಸಿಕೊಂಡು, "ಬಣ್ಣ ನಂಗೆ ಚೆನ್ನಾಗಿ ನೆನಪಿದೆ. ಬೂದು. ಅಂಚಿಗೆ ಒಂದು ನೀಲಿ ಗೆರೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಾಗೇ ಹೋಗಿ ಒಂದು ತಂದುಬಿಡು ಕಣಮ್ಮ."

"ಈ ಮನೇಲಿ ಹುಚ್ಚು ಯಾರಿಗೆ ಹಿಡಿದಿದೆ ಅಂತ ನಂಗೆ ಅರ್ಥವಾಗ್ತಿಲ್ಲ," ಎಂದಳು ಸೊಸೆ. ಆದರೂ ಹೋದಳು. ಮೂರು ಅಂಗಡಿ ಸುತ್ತಿ, ಬಿಸಿಲಲ್ಲಿ ಉಪವಾಸ ನಡೆದು, ನೀಲಿ ಗೆರೆಯ ಬೂದು ಶಾಲು ತಂದಳು. ಅದು ಹೊಸದೆಂದು ಕಾಣಬಾರದೆಂದು ಅತ್ತೆ ಎರಡು ಸಲ ಒಗೆದು ಒಣಗಿಸಿದರು.

ಗಂಡ ಮಾತ್ರ ನಕ್ಕ. ಅವನು ನಕ್ಕದ್ದು ನೋಡಿ ಅವಳಿಗೆ ಇನ್ನೂ ಉರಿಯಿತು. "ನಾಡಿದ್ದು ಸೋಮವಾರ ನಾನು ಉತ್ತರ ಕೊಡಬೇಕು ಕಣ್ರೀ. ನಿಮಗೆ ನೆನಪಾದ್ರೂ ಇದೆಯಾ?" ಎಂದಳು.

"ಇದೆ ಮಾರಾಯ್ತಿ. ಈ ಮೀಸೆ ಬಂದು ಹೋಗ್ಲಿ, ಆಮೇಲೆ ಹೇಳೋಣ."

ಭಾನುವಾರ ಹನ್ನೆರಡಕ್ಕೆ ಸರಿಯಾಗಿ ಬಾಗಿಲು ಬಡಿದರು. ಅತ್ತೆಯೇ ಓಡಿಹೋಗಿ ತೆಗೆದರು. ಹೊರಗೆ ಮೀಸೆಯವರು, ಪಕ್ಕದಲ್ಲಿ ಅವರ ಹೆಂಡತಿ. ಆಕೆಯ ಹೆಗಲ ಮೇಲೆ ನೀಲಿ ಗೆರೆಯ ಬೂದು ಶಾಲು.

ಅತ್ತೆ ಕೈಯಲ್ಲಿ ಮಡಿಸಿ ಹಿಡಿದಿದ್ದ ಶಾಲನ್ನು ಹಿಂದೆ ಸರಿಸಲೂ ಆಗದೆ ಮುಂದೆ ಚಾಚಲೂ ಆಗದೆ ನಿಂತರು. ಬಂದ ಹೆಂಗಸು ಎರಡೂ ಕೈ ನೀಡಿ ಅದನ್ನು ತೆಗೆದುಕೊಂಡು, "ಇದೇ. ಇದನ್ನೇ ಎಲ್ಲಾ ಕಡೆ ಹುಡುಕ್ತಿದ್ದೆ," ಎಂದು ಮೊದಲನೆಯದರ ಮೇಲೆಯೇ ಹೊದ್ದುಕೊಂಡರು. ಸೊಸೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು.

ಊಟದ ಮೇಜಿನಲ್ಲಿ ಮೊದಲು ರಸ್ತೆಯ ಮಾತಾಯಿತು, ಹವೆಯ ಮಾತಾಯಿತು. ಹುರಿದ ಮೀನು ಎರಡನೆಯ ಸುತ್ತು ಬಂದಾಗ ಮಾವನಿಗೆ ತಡೆಯಲಾಗಲಿಲ್ಲ.

"ತಪ್ಪು ತಿಳೀಬೇಡಿ. ನೀವು ನದಿಗೆ ಬೆನ್ನು ಹಾಕಿ ಯಾಕೆ ಕೂರ್ತಿದ್ರಿ?"

ಮೀಸೆಯವರು ಕೈ ಒರೆಸಿಕೊಂಡು ಕೋಟಿನ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದರು. ಒಳಗೆಲ್ಲ ಕೊಕ್ಕೆ, ಗೆರೆ, ಚುಕ್ಕೆ. "ನಾನು ಕೋರ್ಟಿನಲ್ಲಿ ಶೀಘ್ರಲಿಪಿಕಾರ ಆಗಿದ್ದೆ," ಎಂದರು. ಆಮೇಲೆ ಏರಿಳಿತವಿಲ್ಲದ ದನಿಯಲ್ಲಿ, ಸಾಕ್ಷಿಯ ಹೇಳಿಕೆ ಓದುವಂತೆ ಓದಿದರು:

"ಎರಡನೇ ದಿನ, ಮಧ್ಯಾಹ್ನದ ಊಟ. ಹೆಂಗಸು: ಆ ಮೀಸೆ ನೋಡಿದ್ರೆ ಬ್ಯಾಂಕ್ ಮುಳುಗಿಸಿದವನ ಹಾಗಿದೆ. ಗಂಡಸು: ಏನಂದೆ? ಹೆಂಗಸು, ಏರುದನಿಯಲ್ಲಿ: ಬ್ಯಾಂಕ್ ಮುಳುಗಿಸಿದವನ ಹಾಗಿದೆ ಅಂದೆ!"

ಗುಬ್ಬಿ ಕಿಲಕಿಲ ನಕ್ಕಳು. ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು.

"ಐದನೇ ದಿನ, ಬೆಳಗಿನ ತಿಂಡಿ. ಗಂಡಸು: ಆ ಹೆಂಗಸಿನ ಎಡಗಾಲಿನ ಚಪ್ಪಲಿ ಹೆಚ್ಚು ಸವೆದಿದೆ, ನೋಡಿದ್ಯಾ?"

"ಸಾಕು ನಿಲ್ಸಿ," ಎಂದರು ಅವರ ಹೆಂಡತಿ. ಅವರು ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರಂತೆ. "ನದಿ ಕಡೆ ಮುಖ ಮಾಡಿದ್ರೆ ನಿಮ್ಮ ಮೇಜು ಕಾಣ್ತಿರಲಿಲ್ಲ, ಅದಕ್ಕೇ ಬೆನ್ನು ಹಾಕಿದ್ವಿ. ನೀವಿಬ್ರೂ ಗಂಡ ಹೆಂಡ್ತಿ ಅಲ್ಲವೇ ಅಲ್ಲ ಅಂತ ಇವರು. ಅಷ್ಟು ವರ್ಷ ಸಂಸಾರ ಮಾಡಿದೋರು ಅಷ್ಟು ಮಾತಾಡಲ್ಲ, ಯಾರೋ ಓಡಿಬಂದವರು ಅಂತ."

"ಓಡಿಬಂದವರಾ!" ಎಂದರು ಅತ್ತೆ. "ಈ ವಯಸ್ಸಿನಲ್ಲಿ! ಇವರ ಜೊತೆ!"

"ನಾನು, ಅಣ್ಣ ತಂಗಿ ಅಂದೆ. ಆಸ್ತಿ ಜಗಳ ಇರಬೇಕು ಅಂತ." ಟೀಚರ್ ನೀರು ಕುಡಿದು ಲೋಟ ಕೆಳಗಿಟ್ಟರು. "ನಮ್ಮ ಮನೇಲಿ ಮಾತು ನಿಂತು ಎಷ್ಟು ವರ್ಷ ಆಯ್ತೋ. ಜಗಳ ಅಲ್ಲ. ಮುಗಿದುಹೋಗಿತ್ತು ಅಷ್ಟೆ. ಮೊದಲ ದಿನ ನಿಮ್ಮ ಮಾತು ಕೇಳಿಸ್ಕೊಂಡು ಕೋಣೆಗೆ ಬಂದವರೇ ಇವರು ನಕ್ಕುಬಿಟ್ರು. ನಂಗೆ ಗಾಬರಿ ಆಯ್ತು. ಒಂಬತ್ತು ದಿನಾನೂ ನಿಮ್ಮದೇ ಮಾತು. ಊರಿಗೆ ಹೋದ್ವಿ, ಮತ್ತೆ ಎಲ್ಲಾ ಮೊದಲಿನ ಹಾಗೇ ಆಯ್ತು. ಆಗ ಹಡಗಿನೋರು ಫೋನ್ ಮಾಡಿ, ನಿಮ್ಮ ಶಾಲು ಸಿಕ್ಕಿದೆ ಅಂದ್ರು. ಶಾಲು ನನ್ನ ಮೈಮೇಲೇ ಇತ್ತು. ಇವರನ್ನ ನೋಡಿದೆ. ಇವರು, ಹೌದು ಅನ್ನು ಅಂತ ಸನ್ನೆ ಮಾಡಿದ್ರು."

ಮೀಸೆಯವರು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಮಾವ ಅವರ ತಟ್ಟೆಗೆ ಇನ್ನೊಂದು ತುಂಡು ಬಡಿಸಿದರು.

ಊಟವಾದ ಮೇಲೆ ಸೊಸೆ ಪಾತ್ರೆ ತೊಳೆಯಲು ನಿಂತಳು. ಟೀಚರ್ ಬೇಡವೆಂದರೂ ಒಳಗೆ ಬಂದು ಒರೆಸುವ ಬಟ್ಟೆ ಎತ್ತಿಕೊಂಡರು. ನಾಲ್ಕು ತಟ್ಟೆ ಒರೆಸಿಟ್ಟರು.

"ಊಟದಲ್ಲಿ ನೀನು ಮೂರು ಸಲ ಬಾಯಿ ತೆರೆದೆ, ಮೂರು ಸಲ ಮುಚ್ಚಿದೆ. ಕೈ ಎತ್ತೋಕೆ ಹೆದರೋ ಮಕ್ಕಳನ್ನ ನೋಡಿ ನೋಡಿ ನಂಗೆ ಗೊತ್ತಾಗಿಬಿಡುತ್ತೆ. ಏನಮ್ಮ ಅದು?"

ಯಾರೋ ಗೊತ್ತಿಲ್ಲದ ಹೆಂಗಸು, ಸಂಜೆ ಬಸ್ಸಿಗೆ ಹೊರಟು ಹೋಗುವವರು. ಸೊಸೆ ನಲ್ಲಿ ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟಳು. ಹೊಸ ಶಾಖೆ, ಎರಡು ಬಸ್ಸು, ಗುಬ್ಬಿಯ ಶಾಲೆ, ನಾಳೆ ಕೊಡಬೇಕಾದ ಉತ್ತರ. ಹೇಳಿ ಮುಗಿಸಿ ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಕಿವಿಗೆ ಏನೂ ಆಗಿರಲಿಲ್ಲವಲ್ಲ.

ಅತ್ತೆ ಮೊದಲು ನೆಂಟರನ್ನು ನಗುನಗುತ್ತಲೇ ಕಳಿಸಿದರು. ಬಾಗಿಲು ಹಾಕಿ ತಿರುಗಿದರು.

"ಎಷ್ಟು ದಿನ ಆಯ್ತು ಇದು?"

"ನೀವು ಹಡಗಿನಿಂದ ಇಳಿದ ದಿನದಿಂದ."

"ನಮ್ಮ ಮನೆ ಸುದ್ದಿ ನೀನು ಹಾದೀಲಿ ಹೋಗೋರಿಗೆ ಹೇಳಬೇಕಾ?"

"ಹಾದೀಲಿ ಹೋಗೋರು ಕೇಳಿದ್ರು ಅತ್ತೆ. ಅದಕ್ಕೇ ಹೇಳಿದೆ."

"ನೀನು ಬಾಯಿಬಿಟ್ಟು ಹೇಳಿದ್ರೆ ನಾವೇನು ಕಚ್ಚುತಿದ್ವಾ?"

"ಯಾವಾಗ ಹೇಳಲಿ?" ಸೊಸೆಯ ದನಿ ಏರಿತು. ಈ ಮನೆಗೆ ಬಂದು ಹನ್ನೆರಡು ವರ್ಷದಲ್ಲಿ ಅದು ಅಷ್ಟು ಏರಿದ್ದು ಮೊದಲ ಸಲ. "ಬೂದು ಶಾಲಿನ ಅಂಚಿಗೆ ಯಾವ ಬಣ್ಣದ ಗೆರೆ ಇದೆ ಅಂತ ಗೊತ್ತು ನಿಮಗೆ. ಯಾರ ಚಪ್ಪಲಿ ಯಾವ ಕಡೆ ಸವೆದಿದೆ ಗೊತ್ತು. ಇಪ್ಪತ್ತು ದಿನದಿಂದ ನಾನು ಒಂದು ಹೊತ್ತೂ ನೆಟ್ಟಗೆ ಉಂಡಿಲ್ಲ, ಅದು ಗೊತ್ತಾ? ಇದೇ ಮೇಜಿನಲ್ಲಿ, ನಿಮ್ಮ ಎದುರಿಗೇ ಕೂರ್ತೀನಲ್ಲ!"

"ನಿಂಗೆ ಗೊತ್ತಿತ್ತೇನೋ?" ಎಂದು ಅತ್ತೆ ಮಗನ ಕಡೆ ತಿರುಗಿದರು. ಲಿಫ್ಟಿನವನು ಈ ಸಲ ಸಿಕ್ಕಿಕೊಂಡ. "ಗೊತ್ತಿತ್ತು ಅಮ್ಮ, ಆದ್ರೆ..."

"ಗೊತ್ತಿದ್ದೂ ಬಾಯಿ ಹೊಲ್ಕೊಂಡು ಕೂತಿದ್ಯಾ? ಹೆಂಡ್ತಿ ಒಬ್ಬಳೇ ಒದ್ದಾಡಲಿ ಅಂತ? ನಿಮ್ಮಪ್ಪನಿಗೆ ತಕ್ಕ ಮಗ!"

"ನನ್ನನ್ನ ಯಾಕೆ ಎಳೀತೀಯ ಮಧ್ಯೆ?" ಎಂದರು ಮಾವ, ಮಾತು ಬಿಟ್ಟಿದ್ದು ಮರೆತು.

ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊಸೆ ಸೋಮವಾರ ಅಂಗಡಿಗೆ ಹೋಗಿ ಇನ್ನೆರಡು ದಿನ ಕೇಳಿದಳು. ಯಜಮಾನರು ಮುಖ ಸಿಂಡರಿಸಿ, ಬುಧವಾರಕ್ಕಿಂತ ಒಂದು ದಿನವೂ ಆಚೆ ಹೋಗಕೂಡದು ಎಂದರು. ಮನೆಯಲ್ಲಿ ಆ ಎರಡು ದಿನ ಚಮಚ ತಟ್ಟೆಗೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗುಬ್ಬಿ ಕೂಡ ಪಿಸುಮಾತಿನಲ್ಲಿ ಉಪ್ಪು ಕೇಳಿದಳು.

ಮಂಗಳವಾರ ಸಂಜೆ ಸೊಸೆ ಆಲೂಗಡ್ಡೆ ಹೆಚ್ಚುತ್ತಿದ್ದಾಗ ಅತ್ತೆ ಬಂದು ಎದುರಿಗೆ ಸ್ಟೂಲ್ ಎಳೆದು ಕೂತರು.

"ಆ ಅಂಗಡಿಗೆ ಯಾವ ಬಸ್ಸು?"

ಸೊಸೆ ಹೇಳಿದಳು.

"ಎಲ್ಲಿ ಇಳಿದು ಬದಲಿಸ್ಬೇಕು? ಅಲ್ಲಿ ನಿಲ್ಲೋಕೆ ನೆರಳಿದೆಯಾ? ಎಷ್ಟು ಜನ ಕೆಲಸಕ್ಕೆ? ಅವರಲ್ಲಿ ನಿನಗಿಂತ ದೊಡ್ಡೋರು ಎಷ್ಟು? ದೊಡ್ಡೋರು ಇದ್ರೆ ನಿನ್ನ ಮಾತು ಕೇಳ್ತಾರಾ? ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರಾನೇ."

"ನಿನ್ನ ಹತ್ರಾನೇ?" ಅತ್ತೆ ಚಾಕು ಅವಳ ಕೈಯಿಂದ ಕಿತ್ತುಕೊಂಡು, "ಇಷ್ಟು ದಪ್ಪ ಹೆಚ್ಚಿದ್ರೆ ಬೇಯೋದು ಯಾವಾಗ? ಕೊಡಿಲ್ಲಿ," ಎಂದರು. ತಲೆ ತಗ್ಗಿಸಿ ಹೆಚ್ಚುತ್ತಲೇ, "ಕೇಳದೇ ಇದ್ದದ್ದು ತಪ್ಪಾಯ್ತು," ಎಂದರು. ಅದು ಸೊಸೆಗೋ ಆಲೂಗಡ್ಡೆಗೋ ಎಂಬಷ್ಟು ಮೆಲ್ಲಗೆ. "ಆದ್ರೆ ನೀನೂ ಹೇಳಬೇಕಿತ್ತು. ಮನುಷ್ಯರ ಹಾಗೆ ಗಟ್ಟಿಯಾಗಿ."

ಬುಧವಾರ ಸೊಸೆ ಹೂಂ ಎಂದಳು. ಗುಬ್ಬಿಯನ್ನು ಶಾಲೆಯಿಂದ ಕರೆತರುವ ಕೆಲಸ ಮಾವನದಾಯಿತು. ನಾಲ್ಕೇ ದಿನದಲ್ಲಿ ಶಾಲೆಯ ಗೇಟಿನ ಮುಂದೆ ನಿಲ್ಲುವ ತಂದೆತಾಯಿಯರಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದೆಲ್ಲ ಅವರಿಗೆ ತಿಳಿದಿತ್ತು. ಸಂಜೆಯ ಅಡುಗೆ ಅತ್ತೆಯದು. ವಾರಕ್ಕೆರಡು ದಿನ ಗಂಡನದು. ಅವನು ಮಾಡಿದ ದಿನ ಎಲ್ಲರೂ ಊಟದಿಂದ ಬೇಗ ಏಳುತ್ತಿದ್ದರು.

ಹೊಸ ಶಾಖೆಯ ಮೊದಲ ದಿನ ಸೊಸೆ ಮನೆ ಸೇರಿದಾಗ ಎಂಟು ದಾಟಿತ್ತು. ಎರಡನೆಯ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿರಲಿಲ್ಲ. ಕಾಲು ಬಾತಿದ್ದವು, ಒಂದು ಫ್ರೇಮ್ ಮುರಿದಿತ್ತು, ಇಬ್ಬರು ಗಿರಾಕಿಗಳು ಜಗಳವಾಡಿ ಹೋಗಿದ್ದರು. ಬಾಯಿ ತೆರೆಯದೆ ಉಂಡು ಮಲಗಬೇಕು ಎಂದಷ್ಟೇ ಆಸೆ. ಮೇಜಿನಲ್ಲಿ ನಾಲ್ವರೂ ಊಟ ಮಾಡದೆ ಕಾಯುತ್ತಿದ್ದರು.

"ಹೇಳು," ಎಂದರು ಅತ್ತೆ, ಅನ್ನ ಬಡಿಸುತ್ತ.

"ಏನೂ ಇಲ್ಲ ಅತ್ತೆ. ಸುಸ್ತಾಗಿದೆ."

"ಸುಸ್ತು ಹೇಗಾಯ್ತು, ಅದನ್ನೇ ಹೇಳು. ಮೊದಲು ಯಾರು ಬಂದ್ರು?"

ಅವಳಿಗೆ ರೇಗಿತು. ಒಂದು ತುತ್ತು ನೆಮ್ಮದಿಯಾಗಿ ಉಣ್ಣಲು ಬಿಡಬಾರದೇ ಇವರು? ಆದರೆ ಅತ್ತೆ ಸೌಟು ಹಿಡಿದು ಹಾಗೇ ನಿಂತಿದ್ದರು. "ಮೊದಲು ಬಂದೋರು ಒಬ್ಬ ಮುದುಕರು," ಎಂದು ಸೊಸೆ ಬೇಸರದಿಂದಲೇ ಶುರುಮಾಡಿದಳು. "ಮೂರು ಕನ್ನಡಕ ಹಾಕಿ ನೋಡಿದ್ರು. ಯಾವುದೂ ಆಗಲಿಲ್ಲ. ಕೊನೆಗೆ ನೋಡಿದ್ರೆ..."

"ಹೆಂಡ್ತಿ ಜೊತೆಗಿರಲಿಲ್ವಾ?" ಎಂದರು ಮಾವ. "ಒಬ್ಬರೇ ಬಂದಿದ್ರಾ? ಹಾಗಿದ್ರೆ ಅವರು ಖಂಡಿತ..."

ಅತ್ತೆ ಸೌಟನ್ನು ಪಾತ್ರೆಗೆ ಕುಕ್ಕಿದರು.

"ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ? ಅವಳು ಇನ್ನೂ ಮುಗಿಸಿಲ್ಲ!"